ಮಳೆ ಪುಸ್ತಕಕ್ಕೆ ಬಾಯಿಲ್ಲ, ಗಾಳಿಗೆ ಇದೆ

ಮಾನ್ಯರೇ,

ಹವಾಮಾನ ಬದಲಾವಣೆಗೆ ಮನುಷ್ಯ ಕಾರಣ ಅನ್ನುವುದು ಬರೀ ಗುಲ್ಲು ಎಂದು ಕಳೆದ ವಾರ ಓದುಗರೊಬ್ಬರು ಇಲ್ಲಿ ಬರೆದಿದ್ದರು. ಅವರ ಅಜ್ಜನ ಕಾಲದಲ್ಲೂ ಬರ ಬಂದಿತ್ತಂತೆ, ಅತಿಯಾದ ಮಳೆಯೂ ಆಗಿತ್ತಂತೆ. ಎರಡು ದಿನ ಬಿಟ್ಟು ಇನ್ನೊಬ್ಬರು ಉತ್ತರ ಕೊಟ್ಟರು: ಈ ವರ್ಷದ ಸೆಕೆಗಿಂತ ಬೇರೆ ಸಾಕ್ಷಿ ಬೇಕಾ ಅಂತ. ನನಗೆ ಇಬ್ಬರ ಮಾತೂ ಸರಿ ಕಾಣಲಿಲ್ಲ.

ನಾನು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ. ಅಪ್ಪ ಶುರು ಮಾಡಿದ ಮಳೆ ಪುಸ್ತಕ ಒಂದು ನಮ್ಮ ಮನೆಯಲ್ಲಿದೆ. ದಿನಾ ಬೆಳಿಗ್ಗೆ ಅಳತೆ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ಸ್ (ಇಂಚಿನ ನೂರನೇ ಪಾಲು) ಅಂತ ಬರೆಯುತ್ತೇವೆ. ಕಾಫಿ ಹೂ ಅರಳಿಸುವ ಹೂ ಮಳೆ ಯಾವಾಗ ಬಂತು, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಕೈಕೊಟ್ಟಿತೋ ಹೇಗೆ, ಕಣದಲ್ಲಿ ಹಣ್ಣು ಹರಡಿದ್ದಾಗ ಯಾವ ದಿನ ಮಳೆ ಹೊಡೆಯಿತು, ಎಲ್ಲ ಅದರಲ್ಲಿದೆ. ಆ ಪುಸ್ತಕ ಅಂದರೆ ನನಗೆ ಪ್ರಾಣ. ಆದರೆ ಅದು ಹೇಳುವುದು ಮಳೆ ಬದಲಾಗಿದೆಯೋ ಇಲ್ಲವೋ ಅಂತ ಮಾತ್ರ. ಬದಲಾಯಿಸಿದ್ದು ಯಾರು ಅಂತ ಕೇಳಿದರೆ ಅದಕ್ಕೆ ಬಾಯಿಲ್ಲ. ನಮ್ಮ ಬೆವರಿಗೂ ಇಲ್ಲ.

'ಹವಾಮಾನ ಮೊದಲೂ ಬದಲಾಗಿತ್ತು' ಅನ್ನುವುದು ನಿಜವೇ. ಹಿಮಯುಗಗಳು ಬಂದು ಹೋಗಿವೆ, ಆಗ ಕಾರ್ಖಾನೆ ಇರಲಿಲ್ಲ. ಆದರೆ ನೋಡಿ, ತೋಟದಲ್ಲಿ ಕಾಫಿ ಹಣ್ಣು ತಾನಾಗಿಯೂ ಉದುರುತ್ತದೆ. ಮಂಗ ತಿನ್ನುತ್ತದೆ, ಬಾವಲಿ ತಿನ್ನುತ್ತದೆ. ಹಾಗಂತ ಒಂದು ರಾತ್ರಿಯಲ್ಲಿ ನಾಲ್ಕು ಸಾಲು ಗಿಡ ಖಾಲಿಯಾಗಿ, ಬುಡದಲ್ಲಿ ಚಪ್ಪಲಿ ಗುರುತು ಇದ್ದರೆ, 'ಹಣ್ಣು ಮೊದಲೂ ಉದುರುತ್ತಿತ್ತು' ಅಂತ ಯಾರೂ ಸುಮ್ನೆ ಕೂರುವುದಿಲ್ಲ. ಗುರುತು ಯಾರದ್ದು ಅಂತ ನೋಡುತ್ತೇವೆ.

ಗಾಳಿಯಲ್ಲೂ ಅಂಥ ಗುರುತು ಇದೆ. ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ, ಭೂಮಿಯ ಬಿಸಿ ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಅಳೆಯಲು ಶುರು ಮಾಡಿದ್ದು 1958ರಲ್ಲಿ, ನಮ್ಮ ಅಣ್ಣ ಹುಟ್ಟಿದ ವರ್ಷ. ಆಗ ಗಾಳಿಯ ಪ್ರತಿ 10 ಲಕ್ಷ ಕಣಗಳಲ್ಲಿ ಅದು ಸುಮಾರು 315 ಇತ್ತು. ಈಗ 420 ದಾಟಿದೆ. ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡ ಹಳೆಯ ಗಾಳಿ ಗುಳ್ಳೆಗಳಲ್ಲಿ 8 ಲಕ್ಷ ವರ್ಷಗಳ ಲೆಕ್ಕ ಸಿಗುತ್ತದೆ. ಅಷ್ಟು ಕಾಲದಲ್ಲಿ ಅದು 300ರ ಆಸುಪಾಸು ದಾಟಿರಲಿಲ್ಲ. ಹಿಮಯುಗ ಮುಗಿಯುವಾಗ ಸಾವಿರಾರು ವರ್ಷ ಹಿಡಿದ ಏರಿಕೆ ಈಗ ಅಣ್ಣನ ಆಯುಸ್ಸಿನಲ್ಲೇ ಆಗಿದೆ.

ಸರಿ, ಏರಿದೆ. ಏರಿಸಿದ್ದು ನಾವೇ ಅಂತ ಹೇಗೆ ಗೊತ್ತು? ಇಂಗಾಲದಲ್ಲಿ ಪರಮಾಣುವಿನ ತೂಕದ ಪ್ರಕಾರ ಮೂರು ಬಗೆ ಇದೆ: 12, 13, 14. ಜೀವ ಇರುವ ಗಿಡದಲ್ಲಿ 14 ಸ್ವಲ್ಪ ಇರುತ್ತದೆ, ಸತ್ತ ಮೇಲೆ ನಿಧಾನಕ್ಕೆ ಕರಗುತ್ತದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲು, ಪೆಟ್ರೋಲಿಯಂನಲ್ಲಿ ಅದು ಇಲ್ಲವೇ ಇಲ್ಲ. ಗಾಳಿಗೆ ಸೇರುತ್ತಿರುವುದು ಇಂಥ ಹಳೆಯ ಇಂಗಾಲ ಎಂಬುದನ್ನು ವಿಜ್ಞಾನಿ ಹ್ಯಾನ್ಸ್ ಸ್ಯೂಸ್ 1955ರಲ್ಲೇ ಮರದ ಉಂಗುರಗಳಲ್ಲಿ ಕಂಡರು. ಜ್ವಾಲಾಮುಖಿಯಿಂದ ಬರುವುದೂ ಹಳೆಯದೇ ಅಲ್ವಾ ಅಂತ ನೀವು ಕೇಳಬಹುದು. ಅಲ್ಲಿ 13 ಸಹಾಯಕ್ಕೆ ಬರುತ್ತದೆ. ಗಿಡಗಳು 13 ಅನ್ನು ಕಮ್ಮಿ ಹೀರಿಕೊಳ್ಳುತ್ತವೆ. ಗಿಡ, ಪಾಚಿಗಳಿಂದಲೇ ಆದ ಕಲ್ಲಿದ್ದಲು, ಎಣ್ಣೆಗಳಲ್ಲೂ ಅದು ಕಮ್ಮಿ. ಜ್ವಾಲಾಮುಖಿಯ ಅನಿಲದಲ್ಲಿ ಹಾಗಲ್ಲ. ಗಾಳಿಯಲ್ಲಿ 13ರ ಪಾಲು ಇಳಿಯುತ್ತಾ ಬಂದಿದೆ. ಇನ್ನೊಂದು ಗುರುತು ಆಮ್ಲಜನಕ. ಕೀಲಿಂಗ್ ಅವರ ಮಗ ರಾಲ್ಫ್ ಕೀಲಿಂಗ್ ಅದನ್ನು ಅಳೆದರು, ಅದೂ ಇಳಿಯುತ್ತಿದೆ. (ಉಸಿರು ಕಟ್ಟುವಷ್ಟಲ್ಲ, ಹೆದರಬೇಡಿ.) 14 ಇಲ್ಲ, ಅಂದರೆ ಹಳೆಯದು. 13 ಕಮ್ಮಿ, ಅಂದರೆ ಗಿಡದ ಮೂಲದ್ದು. ಆಮ್ಲಜನಕ ಖರ್ಚಾಗಿದೆ, ಅಂದರೆ ಸುಟ್ಟದ್ದು. ಹಳೆಯ ಗಿಡವನ್ನು ನೆಲದಿಂದ ತೆಗೆದು ಸುಡುವವರು ಮನುಷ್ಯರಲ್ಲದೆ ಇನ್ಯಾರು?

ಕಾಡು, ಕಡಲು ನಮಗಿಂತ ಎಷ್ಟೋ ಪಟ್ಟು ಜಾಸ್ತಿ ಇಂಗಾಲ ಬಿಡುತ್ತವೆ ಎಂಬ ಮಾತೂ ಆ ಮೊದಲ ಪತ್ರದಲ್ಲಿತ್ತು. ಹೌದು, ಬಿಡುತ್ತವೆ. ಬಿಟ್ಟಷ್ಟನ್ನೂ ಹೀರಿಕೊಳ್ಳುತ್ತವೆ, ಅದರ ಮೇಲೆ ನಾವು ಬಿಟ್ಟದ್ದರಲ್ಲಿ ಸುಮಾರು ಅರ್ಧವನ್ನೂ ಹೀರುತ್ತವೆ. ಗಾಳಿಯಲ್ಲಿ ಉಳಿಯುತ್ತಿರುವುದು ಇನ್ನರ್ಧ.

ಹಾಗಾದರೆ ಸೂರ್ಯನೇ ಜಾಸ್ತಿ ಉರಿಯುತ್ತಿರಬಾರದೇಕೆ? 1978ರಿಂದ ಉಪಗ್ರಹಗಳು ಅವನನ್ನು ಅಳೆಯುತ್ತಿವೆ. ಸುಮಾರು 11 ವರ್ಷಕ್ಕೊಮ್ಮೆ ಸ್ವಲ್ಪ ಏರಿ ಇಳಿಯುತ್ತಾನೆ, ಅಷ್ಟೇ. ಸೂರ್ಯನೇ ಕಾರಣ ಆಗಿದ್ದರೆ ವಾತಾವರಣ ಮೇಲಿಂದ ಕೆಳತನಕ ಬಿಸಿಯಾಗಬೇಕಿತ್ತು. ಆಗಿರುವುದು ಬೇರೆ: ಕೆಳಗೆ ಬಿಸಿ, ಮೇಲಿನ ಪದರದಲ್ಲಿ ತಂಪು. ಹೀಗಾಗುತ್ತದೆ ಎಂದು ಸ್ಯುಕುರೊ ಮನಾಬೆ 1967ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 2021ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಕಂಬಳಿ ಕೊಪ್ಪೆ ಹಾಕಿಕೊಂಡವರಿಗೆ ಇದು ಬೇಗ ಅರ್ಥವಾದೀತು. ಕಂಬಳಿ ದಪ್ಪ ಆದಷ್ಟೂ ಒಳಗೆ ಬೆಚ್ಚಗೆ, ಹೊರಗೆ ಹೋಗುವ ಬಿಸಿ ಕಮ್ಮಿ.

ಇದೆಲ್ಲ ವಿದೇಶಿಯರ ಪಿತೂರಿ ಅನ್ನುವವರು ನಮ್ಮಲ್ಲಿ ಬಹಳ ಜನ. ಅವರ ಸಿಟ್ಟಿಗೆ ಒಂದು ಕಾರಣವೂ ಇದೆ. ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಮಾಯವಾಗಬಹುದು ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2007ರಲ್ಲಿ ಬರೆದಿತ್ತು. 2009ರಲ್ಲಿ ಭೂವಿಜ್ಞಾನಿ ವಿ.ಕೆ. ರೈನಾ ಅವರು ಹಿಮನದಿಗಳ ಬಗ್ಗೆ ಬೇರೆಯೇ ಮಾತು ಹೇಳಿದರು. ಆಗ ಪರಿಸರ ಸಚಿವರಾಗಿದ್ದ, ನಮ್ಮ ಚಿಕ್ಕಮಗಳೂರಿನಲ್ಲೇ ಹುಟ್ಟಿದ ಜೈರಾಮ್ ರಮೇಶ್ ಆ ವರದಿಯನ್ನು ಹೊರತಂದರು. ಸಮಿತಿಯ ಅಧ್ಯಕ್ಷ ಪಚೌರಿ ಲೇವಡಿ ಮಾಡಿದರು. 2010ರ ಜನವರಿಯಲ್ಲಿ ಸಮಿತಿ ತನ್ನ 2035ರ ಮಾತು ತಪ್ಪು ಎಂದು ಒಪ್ಪಿಕೊಳ್ಳಬೇಕಾಯಿತು. ನಾಚಿಕೆಯ ವಿಷಯವೇ. ಆದರೆ ಆ ತಪ್ಪು ಇದ್ದದ್ದು ಪರಿಣಾಮಗಳ ಸಂಪುಟದಲ್ಲಿ. ಕಾರಣ ಯಾರು ಎಂಬ ಲೆಕ್ಕ ಬೇರೆ ಸಂಪುಟದಲ್ಲಿದೆ, ಅದನ್ನು ಈ ತಪ್ಪು ಮುಟ್ಟುವುದಿಲ್ಲ. ಮತ್ತೆ, ಪಿತೂರಿ ಅನ್ನುವುದಾದರೆ 1856ರಿಂದ ಶುರು ಮಾಡಬೇಕು. ಯೂನಿಸ್ ಫೂಟ್ ಎಂಬ ಅಮೆರಿಕದ ಹೆಂಗಸು ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ಕೊಳವೆ ಬಿಸಿಲಿನಲ್ಲಿ ಜಾಸ್ತಿ ಕಾಯುತ್ತದೆ ಎಂದು ತೋರಿಸಿದ್ದು ಆ ವರ್ಷ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್ ಅವರನ್ನೂ ಪಿತೂರಿಗೆ ಸೇರಿಸಬೇಕಾಗುತ್ತದೆ. ಫ್ರಿಜ್ಜಿನ ಅನಿಲಗಳೂ ಭೂಮಿಯ ಬಿಸಿ ಹಿಡಿದಿಡುತ್ತವೆ ಎಂದು 1975ರಲ್ಲಿ ತೋರಿಸಿದವರು ಅವರು.

ಎರಡನೇ ಪತ್ರದವರಿಗೂ ಒಂದು ಮಾತು. ಪ್ರತಿ ಸೆಕೆಗೂ, ಪ್ರತಿ ಗುಡ್ಡ ಕುಸಿತಕ್ಕೂ ಹವಾಮಾನ ಬದಲಾವಣೆ ಅಂದುಬಿಟ್ಟರೆ ಗುಡ್ಡ ಕಡಿದು ರಸ್ತೆ, ರೆಸಾರ್ಟ್ ಮಾಡಿದವರು ಆರಾಮಾಗಿ ಪಾರಾಗುತ್ತಾರೆ. ಕೆರೆ ನುಂಗಿದವರೂ ಅಷ್ಟೇ.

ಮೊದಲ ಪತ್ರದವರು ಕೊನೆಗೆ, ಅಮೆರಿಕದವರು ಮಾಡಿದ್ದಕ್ಕೆ ನಾವೇಕೆ ದಂಡ ಕಟ್ಟಬೇಕು ಎಂದು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಇಲ್ಲಿಯವರೆಗೆ ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು ಗಾಳಿಗೆ ಬಿಟ್ಟ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದ್ದೇ. ಇಷ್ಟು ಜನ ಇರುವ ಭಾರತದ್ದು ನೂರಕ್ಕೆ ಮೂರ್ನಾಲ್ಕು. ಆ ಜಗಳಕ್ಕೆ ನಾನೂ ಅವರ ಪಕ್ಕ ನಿಲ್ಲುತ್ತೇನೆ. ಆದರೆ ಮನುಷ್ಯ ಕಾರಣವೇ ಅಲ್ಲ ಅಂದಮೇಲೆ ಅಮೆರಿಕವೂ ಕಾರಣ ಅಲ್ಲ ಅಂದ ಹಾಗಾಯಿತು. ಆಮೇಲೆ ಬಿಲ್ಲು ಕಳಿಸುವುದು ಯಾರಿಗೆ?

ಇತಿ,
ಒಬ್ಬ ಕಾಫಿ ಬೆಳೆಗಾರ
ಮೂಡಿಗೆರೆ ತಾಲ್ಲೂಕು