ಪುರಿಯಿಂದ ಗೆಳೆಯನಿಗೊಂದು ಪತ್ರ

ಪುರಿ, ಡಿಸೆಂಬರ್ 2019

ಪ್ರಿಯ ಗೆಳೆಯಾ,

ಹೊರಡುವ ಹಿಂದಿನ ರಾತ್ರಿ ನೀನು ಫೋನಿನಲ್ಲಿ ಕೇಳಿದ್ದೆ: "ಚಂಡಮಾರುತಕ್ಕೆ ಸಿಕ್ಕಿ ನಲುಗಿದ ಊರಿಗೆ ಪ್ರವಾಸ ಹೋಗುವುದು ಸರಿಯೇನೋ? ಅವರ ಕಷ್ಟವನ್ನು ನೋಡಲು ಹೋದ ಹಾಗಾಗುವುದಿಲ್ಲವೇ?" ನನಗೆ ಏನೂ ಹೇಳಲಾಗಲಿಲ್ಲ. ರೈಲಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು ಕೊರೆಯುತ್ತಿತ್ತು. ಇಲ್ಲಿಗೆ ಬಂದು ಇಂದಿಗೆ ಆರು ದಿನ. ಈಗ ಬರೆಯಬಲ್ಲೆ ಅನ್ನಿಸಿ ಕೂತಿದ್ದೇನೆ.

ಪುರಿಯಿಂದ ಕೋನಾರ್ಕಕ್ಕೆ ಹೋಗುವ ರಸ್ತೆ ಕಡಲಿನ ಪಕ್ಕದಲ್ಲೇ, ಬಾಲುಖಂಡ ಅಭಯಾರಣ್ಯದ ನಡುವೆ ಸಾಗುತ್ತದೆ. ಮರಳು ಹಾರದಿರಲಿ, ಸಮುದ್ರದ ಗಾಳಿ ನೇರ ಊರಿಗೆ ಬಡಿಯದಿರಲಿ ಎಂದು ದಶಕಗಳ ಕಾಲ ಬೆಳೆಸಿದ ಗಾಳಿಮರಗಳ ಕಾಡು ಅದು. ಮೇ 3ರ ಬೆಳಿಗ್ಗೆ ಫಣಿ ಚಂಡಮಾರುತ ಪುರಿಯ ಬಳಿ ದಡಕ್ಕೆ ಅಪ್ಪಳಿಸಿದಾಗ ಗಾಳಿಯ ವೇಗ ಗಂಟೆಗೆ 175 ಕಿ.ಮೀ. ದಾಟಿತ್ತು. ಆ ಗಾಳಿ ಬೀಸಿದ ದಿಕ್ಕು ಇವತ್ತಿಗೂ ಕಾಣುತ್ತದೆ. ಉರುಳಿದ ಮರಗಳೆಲ್ಲ ಒಂದೇ ಕಡೆಗೆ ತಲೆ ಹಾಕಿ ಬಿದ್ದಿವೆ. ಬೀಳದವು ನಡುವಿಗೇ ಮುರಿದು ನಿಂತಿವೆ. ಮುರಿದ ಜಾಗ ಹಲ್ಲಿನಿಂದ ಸಿಗಿದ ಕಬ್ಬಿನಂತೆ ಸಿಬಿರು ಸಿಬಿರಾಗಿದೆ. ಬಾಂಗ್ಲಾದೇಶ ಸೂಚಿಸಿದ್ದ ಹೆಸರಂತೆ ಈ ಫಣಿ. ನಮ್ಮ ಭಾಷೆಯಲ್ಲೂ ಅದು ಹಾವೇ ಅಲ್ಲವೇ? ಪತ್ರಿಕೆಯಲ್ಲಿ ಓದುವಾಗ ಅದೊಂದು ಹೆಸರು ಮಾತ್ರವಾಗಿತ್ತು.

ಒಂದು ಸಂಗತಿಯನ್ನು ಮಾತ್ರ ನಿನಗೆ ಹೇಳಲೇಬೇಕು. 1999ರ ಅಕ್ಟೋಬರಿನ ಮಹಾ ಚಂಡಮಾರುತದಲ್ಲಿ ಒಡಿಶಾದಲ್ಲಿ ಸತ್ತವರು ಸುಮಾರು 10,000 ಮಂದಿ. ಈ ಸಲ 64. ಗಾಳಿ ಬರುವ ಮೊದಲೇ ಸುಮಾರು 12 ಲಕ್ಷ ಜನರನ್ನು ತಗ್ಗು ಪ್ರದೇಶಗಳಿಂದ ಎಬ್ಬಿಸಿ ಆಶ್ರಯ ಕಟ್ಟಡಗಳಿಗೆ ಸಾಗಿಸಿದ್ದರು. ಹಳ್ಳಿಯೊಂದರಲ್ಲಿ ಅಂಥ ಕಟ್ಟಡವನ್ನು ನೋಡಿದೆ. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ್ದಾರೆ. ಈಗ ಅದರಲ್ಲಿ ಮಕ್ಕಳಿಗೆ ಪಾಠ ನಡೆಯುತ್ತಿದೆ. ಮಗ್ಗಿಯ ರಾಗ ಕಿವಿಗೆ ಬಿದ್ದಾಗ ನನ್ನ ಗಂಟಲು ಕಟ್ಟಿತು, ಸುಳ್ಳು ಹೇಳುವುದಿಲ್ಲ.

ಜನರನ್ನೇನೋ ಎಬ್ಬಿಸಿ ಕರೆದೊಯ್ಯಬಹುದು. ತೆಂಗಿನ ಮರವನ್ನು ಎಲ್ಲಿಗೆ ಒಯ್ಯುವುದು? ಅದೇ ಹಳ್ಳಿಯ ಅಜ್ಜಿಯೊಬ್ಬರು ನನ್ನನ್ನು ಹಿತ್ತಲಿಗೆ ಕರೆದೊಯ್ದು ಬುಡಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದರು. ಹನ್ನೊಂದು. ಒಂದು ಮಾತ್ರ ಉಳಿದಿದೆ; ಅದರ ಸುಳಿಯೂ ತಿರುಚಿಕೊಂಡಿದೆ. ಮಾಡಿಗೆ ಇನ್ನೂ ಕಪ್ಪು ಪಾಲಿಥಿನ್ ಹಾಳೆಯೇ ಗತಿ. ಆದರೆ ಅಜ್ಜಿ ಅದನ್ನು ದೂರಲಿಲ್ಲ. ಹೊಸಿಲ ಬಳಿ ಬಿದ್ದಿದ್ದ ಬಿಸಿಲಿನತ್ತ ಬೆರಳು ಮಾಡಿ, "ಮದುವೆಯಾಗಿ ಬಂದಂದಿನಿಂದ ಈ ಹೊತ್ತಿಗೆ ಇಲ್ಲಿ ಬಿಸಿಲು ಕಂಡಿರಲಿಲ್ಲ" ಎಂದರು. ಮೊಮ್ಮಗ ಅದನ್ನು ಹಿಂದಿಯಲ್ಲಿ ತಿಳಿಸಿಕೊಟ್ಟ. ಹೊಸ ಸಸಿಗಳನ್ನು ನೆಟ್ಟಿದ್ದಾರೆ, ಮೊಣಕಾಲೆತ್ತರಕ್ಕೆ ಬಂದಿವೆ. ಕಾಯಿ ಬಿಡಲು ಐದಾರು ವರ್ಷವಾದರೂ ಬೇಕು. ಅಜ್ಜಿಯ ವಯಸ್ಸನ್ನು ಕೇಳಲು ನನಗೆ ಬಾಯಿ ಬರಲಿಲ್ಲ.

ಚಿಲಿಕಾಕ್ಕೂ ಹೋಗಿಬಂದೆ. ಫಣಿಯ ಹೊಡೆತಕ್ಕೆ ಸಮುದ್ರ ಹೊಸ ಅಳಿವೆಗಳನ್ನು ತೆರೆದು ಸರೋವರದೊಳಗೆ ಉಪ್ಪುನೀರು ಹೆಚ್ಚು ನುಗ್ಗುತ್ತಿದೆ. ಆ ವಿಷಯ ಎದುರು ಕೂತು ಹೇಳುವೆ, ಪತ್ರದಲ್ಲಿ ಮುಗಿಯುವುದಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ರಘುರಾಜಪುರದಲ್ಲಿ. ಮನೆಮನೆಯಲ್ಲೂ ಪಟ್ಟಚಿತ್ರ ಬರೆಯುವ ಊರು. ಕಲಾವಿದರೊಬ್ಬರು ಹಳೆಯ ಟ್ರಂಕು ತೆರೆದು ನೆನೆದು ಹಾಳಾದ ಚಿತ್ರಗಳ ಕಟ್ಟನ್ನು ಹೊರತೆಗೆದರು. ಪಟವೆಂದರೆ ಬರೀ ಬಟ್ಟೆಯಲ್ಲ. ಹುಣಸೆಬೀಜದ ಅಂಟು, ಸೀಮೆಸುಣ್ಣದ ಪುಡಿ ಬಳಿದು, ಒಣಗಿಸಿ, ಕಲ್ಲಿನಿಂದ ಉಜ್ಜಿ ಉಜ್ಜಿ ನಯ ಮಾಡಿರುತ್ತಾರೆ. ನೀರು ಕುಡಿದರೆ ಅಂಟು ಬಿಟ್ಟುಕೊಳ್ಳುತ್ತದೆ. ಒಂದಕ್ಕೊಂದು ಮೆತ್ತಿಕೊಂಡಿದ್ದ ಎರಡು ಪಟಗಳನ್ನು ಅವರು ಮೆಲ್ಲಗೆ ಬಿಡಿಸಲು ಹೋದರು. ಇಂಗಳೀಕದ ಕೆಂಪು, ಹರಿದಾಳದ ಹಳದಿ ಹಕ್ಕಳೆಯಾಗಿ ಎದ್ದು ಅವರ ತೊಡೆಯ ಮೇಲೆ ಉದುರಿದವು. ಒಂದರಲ್ಲಿ ಕೃಷ್ಣನ ಮುಖ ಹೋಗಿ ಕೊಳಲು ಮಾತ್ರ ಉಳಿದಿತ್ತು. ತಿಂಗಳುಗಟ್ಟಲೆ ಬರೆದ ಚಿತ್ರ.

ನಾನು ಮೊಬೈಲ್ ಹೊರತೆಗೆದೆ. ಅವರು ಕೈಯಿಂದ ಪಟವನ್ನು ಮುಚ್ಚಿ, ಮೆತ್ತಗೇ ಹೇಳಿದರು: "ಇದರ ಫೋಟೋ ತೆಗೆಯಲು ಬಹಳ ಮಂದಿ ಬಂದುಹೋದರು. ಮೇ ತಿಂಗಳ ನಂತರ ಬರೆದದ್ದು ಒಳಗಿದೆ. ಅದನ್ನು ನೋಡಿ."

ಮೊಬೈಲನ್ನು ಜೇಬಿಗಿಟ್ಟೆ. ಮಧ್ಯಾಹ್ನವೆಲ್ಲ ಒಳಗೆ ಚಾಪೆಯ ಮೇಲೆ ಕೂತು ಹೊಸ ಚಿತ್ರಗಳನ್ನು ನೋಡಿದೆ. ಶಂಖದ ಪುಡಿಯಿಂದ ಬಿಳಿ ಬಣ್ಣ ಕಾಯಿಸುವುದನ್ನು ಅವರ ಮಗಳು ತೋರಿಸಿದಳು. ಕೊಳ್ಳುವವರು ಕಡಿಮೆಯಾಗಿದ್ದಾರೆ, ಊರು ಹಾಳಾಗಿದೆ ಎಂಬ ಸುದ್ದಿ ಹೋದಷ್ಟು ದೂರ, ಮತ್ತೆ ಬರೆಯತೊಡಗಿದ್ದಾರೆ ಎಂಬ ಸುದ್ದಿ ಹೋಗಿಲ್ಲ.

ಆದ್ದರಿಂದ ಬಾ ಮಾರಾಯ. ಮುರಿದದ್ದನ್ನು ನೋಡಲು ಬರಬೇಡ, ಮಾಡುತ್ತಿರುವುದನ್ನು ನೋಡಲು ಬಾ, ಕೈಲಾದಷ್ಟು ಕೊಂಡುಕೋ. ನಿನಗಾಗಿ ಅಂಗೈಯಗಲದ ಒಂದು ಪಟ ತೆಗೆದುಕೊಂಡಿದ್ದೇನೆ: ಕದಂಬದ ಕೆಳಗೆ ಕೃಷ್ಣ. ಮರದ ಎಲೆಗಳನ್ನು ಆ ಹುಡುಗಿ ಒಂದೊಂದಾಗಿ ಬರೆದಿದ್ದಾಳೆ. ಭಾನುವಾರ ತಲುಪುತ್ತೇನೆ, ಕೈಯಲ್ಲೇ ತಂದುಕೊಡುತ್ತೇನೆ. ಮಳೆಯಲ್ಲಿ ನೆನೆಯದ ಗೋಡೆಯೊಂದನ್ನು ನೋಡಿಟ್ಟಿರು.

ನಿನ್ನ ಗೆಳೆಯ