ಸಂಬಳ 600 ಡಾಲರ್, ಪಿಂಚಣಿ ಬೇರೆಯೇ ಲೆಕ್ಕ

ಮಾನ್ಯರೇ,

ಅಮೆರಿಕದ ಶಾಸಕರೆಲ್ಲ ಕೈತುಂಬ ಸಂಬಳ ಎಣಿಸುತ್ತಾರೆಂಬ ಮಾತು ನಮ್ಮವರಲ್ಲಿ ಸಾಮಾನ್ಯ. ನಾನಿರುವ ಟೆಕ್ಸಾಸ್‌ನಲ್ಲಿ ರಾಜ್ಯ ಸೆನೆಟ್ ಸದಸ್ಯರಿಗೆ ತಿಂಗಳಿಗೆ ಸಿಗುವುದು 600 ಡಾಲರ್, ಅದೂ 1975ರಲ್ಲಿ ನಿಗದಿಯಾದದ್ದು. ಅಧಿವೇಶನದ ದಿನಗಳಿಗೆ ಭತ್ಯೆ ಉಂಟು. ಸದಸ್ಯರು 31 ಮಂದಿ, ಅವಧಿ ನಾಲ್ಕು ವರ್ಷ. ನಮ್ಮ ವಿಧಾನ ಪರಿಷತ್ತಿನಂತೆ ನಾಮಕರಣ, ಪದವೀಧರ ಕ್ಷೇತ್ರಗಳ ಗೋಜಿಲ್ಲ, ಎಲ್ಲರನ್ನೂ ಮತದಾರರೇ ನೇರವಾಗಿ ಆರಿಸುತ್ತಾರೆ. ಒಬ್ಬೊಬ್ಬರ ಪಾಲಿಗೆ ಒಂಬತ್ತು ಲಕ್ಷಕ್ಕೂ ಮಿಕ್ಕಿದ ಜನ. ವಾಷಿಂಗ್ಟನ್ನಿಗೆ ಹೋಗುವ ಜನಪ್ರತಿನಿಧಿ ಸಭೆಯ ಸದಸ್ಯರ ಕ್ಷೇತ್ರವೂ ಇಷ್ಟು ದೊಡ್ಡದಲ್ಲ!

ಅಗ್ಗಕ್ಕೆ ಸಿಕ್ಕರೆಂದು ಹಿಗ್ಗಬೇಕಿಲ್ಲ. ಈ ಸಂಬಳ ನಂಬಿ ಶಾಲಾ ಶಿಕ್ಷಕರೊಬ್ಬರು ಕೆಲಸ ಬಿಟ್ಟು ಚುನಾವಣೆಗೆ ನಿಲ್ಲಲಾದೀತೇ? ವಕೀಲರಿಗೆ, ಉದ್ಯಮಿಗಳಿಗೆ ಸಲೀಸು. ಪಿಂಚಣಿಗೆ ಮಾತ್ರ ಈ 600 ಡಾಲರ್ ಆಧಾರವಲ್ಲ. ಅದಕ್ಕೆ 2025ರವರೆಗೆ ಬಹಳ ಕಾಲ ಜಿಲ್ಲಾ ನ್ಯಾಯಾಧೀಶರ ವೇತನವನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದರು.

– ಒಬ್ಬ ಓದುಗ, ಆಸ್ಟಿನ್