ಪಿಕೆಎಯ ನಾಲ್ಕು ಆರ್‌ಗಳನ್ನು ಹೋಲಿಸುವ ಮೊದಲು

ಚಿಕ್ಕಮಗಳೂರು

ಚಿ|| ಕಾವ್ಯಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಹಾಸನದಿಂದ ನೀನು ಕಳಿಸಿದ ಬ್ಲಾಟ್ (ಪ್ರೋಟೀನುಗಳನ್ನು ಪಟ್ಟಿಗಳಾಗಿ ತೋರಿಸುವ ಚಿತ್ರ) ನೋಡಿದೆ. 3ಟಿ3-ಎಲ್1 ಕೊಬ್ಬಿನ ಕೋಶಗಳಲ್ಲಿ ಆರ್2-ಬೀಟಾ ತಗ್ಗಿಸಿದಾಗ ಕೊಬ್ಬು ಒಡೆಯುವ ಎಚ್‌ಎಸ್‌ಎಲ್ ಕಿಣ್ವದ ಫಾಸ್ಫೊರಿಲೇಷನ್ (ಫಾಸ್ಫೇಟ್ ಸೇರಿಕೆ) ಏರಿತು, ಆದ್ದರಿಂದ ಆ ಫಾಸ್ಫೇಟ್ ಹಚ್ಚುವ ಪಿಕೆಎ ಕಿಣ್ವಕ್ಕೆ ಅಲ್ಲಿ ಲಗಾಮು ಹಾಕುತ್ತಿದ್ದದ್ದು ಆರ್2-ಬೀಟಾವೇ ಎಂದು ಬರೆದಿದ್ದೀಯ. ಆ ಮಾತು ಬರೆಯುವುದಕ್ಕೆ ಇನ್ನೂ ಕಾಲ ಬಂದಿಲ್ಲ ಕಣಮ್ಮ. ನಿನ್ನ ಬ್ಲಾಟ್‌ನಲ್ಲಿ ಆರ್1-ಆಲ್ಫಾದ ಪಟ್ಟಿಯೇ ಇಲ್ಲ.

ಪಿಕೆಎ ಸುಮ್ಮನಿರುವಾಗ ಎರಡು ಆರ್ (ಲಗಾಮು ಹಾಕುವ ಘಟಕ), ಎರಡು ಸಿ (ಕೆಲಸ ಮಾಡುವ ಘಟಕ) ಕೂಡಿಕೊಂಡಿರುತ್ತವೆ. ಸೈಕ್ಲಿಕ್ ಎಎಂಪಿ ಎಂಬ ಸಂದೇಶದ ಅಣು ಆರ್‌ಗೆ ಅಂಟಿದಾಗ ಸಿ ಬಿಡಿಯಾಗಿ ಕೆಲಸಕ್ಕಿಳಿಯುತ್ತದೆ. ಆರ್‌ಗೆ ಜೀನ್‌ಗಳು ನಾಲ್ಕು: ಆರ್1-ಆಲ್ಫಾ, ಆರ್1-ಬೀಟಾ, ಆರ್2-ಆಲ್ಫಾ, ಆರ್2-ಬೀಟಾ. ಎರಡು ಆಲ್ಫಾಗಳು ಬಹುಪಾಲು ಎಲ್ಲ ಅಂಗಾಂಶಗಳಲ್ಲೂ ಉಂಟು. ಆರ್1-ಬೀಟಾ ಮುಖ್ಯವಾಗಿ ಮಿದುಳಿನದು. ಆರ್2-ಬೀಟಾ ಮಿದುಳಿನಲ್ಲೂ ಕೊಬ್ಬಿನಲ್ಲೂ ಹೆಚ್ಚು. ಒಂದನ್ನು ತೆಗೆದರೆ ಉಳಿದವು ಇದ್ದಲ್ಲೇ ಇರುತ್ತವೆ ಎಂದುಕೊಳ್ಳಬೇಡ. ಸಿ ಜೊತೆ ಸೇರದ ಆರ್1-ಆಲ್ಫಾ ಕೋಶದಲ್ಲಿ ಬೇಗ ಒಡೆದುಹೋಗುತ್ತದೆ. ಸಿ ಸಿಕ್ಕಿದರೆ ಬಾಳಿಕೆ ಬರುತ್ತದೆ. ಆರ್2-ಬೀಟಾ ಹೋದಾಗ ಬಿಡಿಯಾದ ಸಿಯನ್ನು ಆರ್1-ಆಲ್ಫಾ ಹಿಡಿದುಕೊಳ್ಳುತ್ತದೆ, ಅದರ ಪ್ರಮಾಣ ಏರುತ್ತದೆ. ಎಂಆರ್‌ಎನ್‌ಎ ಮಾತ್ರ ಇದ್ದಷ್ಟೇ ಇರುತ್ತದೆ. ಎಂಆರ್‌ಎನ್‌ಎ ಅಳೆಯುವ ಕ್ಯೂಪಿಸಿಆರ್ ಮಾಡಿ 'ಬೇರೆ ಆರ್‌ಗಳಲ್ಲಿ ಬದಲಾವಣೆ ಇಲ್ಲ' ಎಂದು ಬರೆದವರು ಎಡವುವುದು ಇಲ್ಲೇ.

1996ರಲ್ಲಿ ವರದಿಯಾದ ಆರ್2-ಬೀಟಾ ಇಲ್ಲದ ಇಲಿಗಳು ಸಪೂರವಾಗಿದ್ದವು. ಕೊಬ್ಬಿನ ಆಹಾರ ತಿಂದರೂ ದಪ್ಪವಾಗಲಿಲ್ಲ. ಅವುಗಳ ಕಂದು ಕೊಬ್ಬಿನಲ್ಲಿ ಆರ್1-ಆಲ್ಫಾ ಏರಿತ್ತು. ಆರ್1-ಆಲ್ಫಾದ ಕಿಣ್ವ ಕಡಿಮೆ ಸೈಕ್ಲಿಕ್ ಎಎಂಪಿಗೇ ಬಿಚ್ಚಿಕೊಳ್ಳುತ್ತದೆ. ಹಾಗಿರುವಾಗ ನೀನು ಕಂಡದ್ದು ಆರ್2-ಬೀಟಾ ಹೋದದ್ದರ ಫಲವೋ, ಆರ್1-ಆಲ್ಫಾ ಬಂದದ್ದರ ಫಲವೋ? ನಿನ್ನ ಪ್ರಬಂಧ ಉತ್ತರಿಸಬೇಕಾದದ್ದು ಈ ಪ್ರಶ್ನೆಗೆ. ಆರ್2-ಬೀಟಾ ಒಂದನ್ನು, ಆರ್1-ಆಲ್ಫಾ ಒಂದನ್ನು, ಎರಡನ್ನೂ ಒಟ್ಟಿಗೆ ತಗ್ಗಿಸಿದ ಮೂರು ಗುಂಪುಗಳಿರಲಿ. ಪ್ರತಿ ಗುಂಪಿನಲ್ಲೂ ಎಲ್ಲ ಆರ್‌ಗಳ ಜೊತೆ ಸಿಯನ್ನೂ ಅಳೆ. ಆರ್ ಹೋದಾಗ ಸಿ ಕೂಡ ಇಳಿಯುವುದುಂಟು.

ಅಳತೆಯ ವಿಷಯದಲ್ಲಿ ತಾಳ್ಮೆ ಬೇಕು. ಆರ್1-ಆಲ್ಫಾದ ಆಂಟಿಬಾಡಿಯ ಪಟ್ಟಿ ದಪ್ಪ, ಆರ್2-ಬೀಟಾದ್ದು ತೆಳು ಎಂದಮಾತ್ರಕ್ಕೆ ಮೊದಲನೆಯದು ಹೆಚ್ಚಿದೆ ಎನ್ನಲಾಗದು. ಒಂದು ಮೂಟೆಯನ್ನು ಈ ತಕ್ಕಡಿಯಲ್ಲಿ, ಇನ್ನೊಂದನ್ನು ಆ ತಕ್ಕಡಿಯಲ್ಲಿ ತೂಗಿದ ಹಾಗಾಗುತ್ತದೆ. ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಶುದ್ಧಗೊಳಿಸಿದ ಪ್ರತಿಯೊಂದು ಆರ್ ಅನ್ನೂ ಪ್ರಮಾಣ ಗೊತ್ತಿರುವ ಬಿಎಸ್‌ಎ ಪ್ರೋಟೀನಿನ ಜೊತೆ ಕೂಮಾಸಿ ಬಣ್ಣದ ಜೆಲ್‌ನಲ್ಲಿ ಓಡಿಸಿ ಸಾಂದ್ರತೆ ನಿರ್ಧರಿಸಿಕೊ. ಆಮೇಲೆ 0.5, 1, 2, 5, 10 ನ್ಯಾನೋಗ್ರಾಂ ಸಾಲನ್ನು ಆ ಆರ್ ಇಲ್ಲದ ಕೋಶದ ಲೈಸೇಟ್‌ಗೆ (ಕೋಶ ಒಡೆದ ರಸಕ್ಕೆ) ಬೆರೆಸಿ, ನಿನ್ನ 15 ಮೈಕ್ರೋಗ್ರಾಂ ಮಾದರಿಗಳ ಪಕ್ಕದಲ್ಲೇ ಹಾಕು. ಆಗ ಮಾತ್ರ ನಾಲ್ಕನ್ನೂ ಮೋಲ್ ಲೆಕ್ಕದಲ್ಲಿ ಹೋಲಿಸಬಹುದು. ಇದೇ ಪ್ರೋಟೀನನ್ನು ಚಟುವಟಿಕೆಯ ಪ್ರಯೋಗಕ್ಕೂ ಬಳಸುವುದಾದರೆ, ಬ್ಯಾಕ್ಟೀರಿಯಾದ ಸೈಕ್ಲಿಕ್ ಎಎಂಪಿ ಅದಕ್ಕೆ ಅಂಟಿಕೊಂಡೇ ಬಂದಿರುತ್ತದೆ. ಯೂರಿಯಾದಲ್ಲಿ ಬಿಚ್ಚಿ, ಡಯಾಲಿಸಿಸ್ ಮಾಡಿ, ಮತ್ತೆ ಮಡಚಿಸದೆ ಉಪಯೋಗವಿಲ್ಲ.

ಆಂಟಿಬಾಡಿ ಕೊಳ್ಳುವಾಗ ಅದು ಪ್ರೋಟೀನಿನ ಯಾವ ಭಾಗವನ್ನು ಗುರುತಿಸುತ್ತದೆಂದು ಕೇಳು. ಸೈಕ್ಲಿಕ್ ಎಎಂಪಿ ಕೂರುವ ಎರಡು ಭಾಗಗಳು ನಾಲ್ಕರಲ್ಲೂ ಹೋಲುತ್ತವೆ. ನಡುವಿನ ಕೊಂಡಿಯ ಭಾಗದಲ್ಲಿ ವ್ಯತ್ಯಾಸ ಹೆಚ್ಚು. ಆ ಕೊಂಡಿಯೇ ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್‌ಗಳಿಗೆ ಸುಲಭದ ತುತ್ತೂ ಹೌದು. 37 ಕಿಲೋಡಾಲ್ಟನ್ ಹತ್ತಿರ ಪಟ್ಟಿ ಬಂದರೆ ಅದು ಹೊಸ ರೂಪವೆಂದು ಹಿಗ್ಗಬೇಡ, ತುಂಡಾದ ಆರ್2 ಇರಬಹುದೆಂದು ಮೊದಲು ಶಂಕಿಸು. ಹಾಗೆಯೇ ಆರ್2-ಆಲ್ಫಾ ಫಾಸ್ಫೇಟ್ ಹೊತ್ತಾಗ ಜೆಲ್‌ನಲ್ಲಿ ಸ್ವಲ್ಪ ಮೇಲೆ ನಿಲ್ಲುತ್ತದೆ. ಎರಡು ಪಟ್ಟಿ ಕಂಡರೆ ಎರಡನ್ನೂ ಕೂಡಿಸಿ ಎಣಿಸು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲವಲ್ಲ, ಅದಕ್ಕೆ ಬ್ಲಾಟ್‌ಗೆಂದು ತೆಗೆಯುವ ಕೋಶಗಳನ್ನು ನೇರವಾಗಿ ಬಿಸಿ ಎಸ್‌ಡಿಎಸ್ ಬಫರ್‌ನಲ್ಲೇ ಒಡೆದು 95 ಡಿಗ್ರಿಯಲ್ಲಿ 5 ನಿಮಿಷ ಇಡು. ಪ್ರೋಟಿಯೇಸ್‌ಗಳ ಕಾಟವೂ ತಪ್ಪುತ್ತದೆ, ಫ್ರೀಜರ್ ಒಂದು ರಾತ್ರಿ ಕೈಕೊಟ್ಟರೂ ಮಾದರಿ ಉಳಿಯುತ್ತದೆ.

ಆರ್ ಮತ್ತು ಸಿ ಒಟ್ಟಿಗಿವೆಯೇ ಎಂದು ಇಮ್ಯುನೊಪ್ರೆಸಿಪಿಟೇಷನ್ (ಆಂಟಿಬಾಡಿಯಿಂದ ಒಂದನ್ನು ಹಿಡಿದು ಜೊತೆಗಿದ್ದದ್ದನ್ನೂ ಎಳೆಯುವುದು) ಮಾಡುವಾಗ ಬಫರ್‌ನಲ್ಲಿ ಮೆಗ್ನೀಸಿಯಂ ಕಸಿದುಕೊಳ್ಳುವ ಇಡಿಟಿಎ ಬೇಡವೇ ಬೇಡ. ಆರ್1 ಸಿಯನ್ನು ಬಿಗಿಯಾಗಿ ಹಿಡಿಯಲು ಮೆಗ್ನೀಸಿಯಂ ಮತ್ತು ಎಟಿಪಿ ಬೇಕು, ಆರ್2ಗೆ ಆ ಹಂಗಿಲ್ಲ. ಇಡಿಟಿಎ ಹಾಕಿದರೆ ಆರ್1 ಮಾತ್ರ ಸಿಯನ್ನು ಬಿಟ್ಟುಕೊಟ್ಟು, ಇಲ್ಲದ ವ್ಯತ್ಯಾಸವೊಂದನ್ನು ನಿನ್ನ ಕಣ್ಣಮುಂದೆ ಇಡುತ್ತದೆ. 5 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, 1 ಮಿಲಿಮೋಲಾರ್ ಎಟಿಪಿ, ಇಡಿಟಿಎ ಇಲ್ಲದ ಪ್ರೋಟಿಯೇಸ್ ತಡೆ ಮಿಶ್ರಣ ಇರಲಿ. ಸೈಕ್ಲಿಕ್ ಎಎಂಪಿ ಅಗರೋಸ್ ಮಣಿಗಳೂ ಇದಕ್ಕೆ ಒಗ್ಗವು, ಅವು ಆರ್ ಅನ್ನು ಹಿಡಿಯುವಾಗಲೇ ಸಿಯನ್ನು ಬಿಡಿಸಿಬಿಡುತ್ತವೆ. ಸೈಕ್ಲಿಕ್ ಎಎಂಪಿಯನ್ನು ಹೋಲಿದರೂ ಸಿಯನ್ನು ಬಿಡಿಸದ ಆರ್‌ಪಿ ರೂಪದ ಸೈಕ್ಲಿಕ್ ಎಎಂಪಿಎಸ್ ಮಣಿಗಳು ಇಡೀ ಕಿಣ್ವವನ್ನು ಉಳಿಸಿಕೊಳ್ಳುತ್ತವೆ.

ಸೈಕ್ಲಿಕ್ ಎಎಂಪಿ ಹೆಚ್ಚಿಸುವ ಫೋರ್ಸ್ಕೋಲಿನ್ 10 ಮೈಕ್ರೋಮೋಲಾರ್ ಹಾಕಿ, ಜೊತೆಗೆ ಅದು ಒಡೆಯದಂತೆ ತಡೆಯುವ ಐಬಿಎಂಎಕ್ಸ್ ಸುರಿದರೆ ಎಲ್ಲ ರೂಪಗಳೂ ಬಿಚ್ಚಿಕೊಂಡು, ಇದ್ದ ವ್ಯತ್ಯಾಸವೂ ಮುಚ್ಚಿಹೋಗುತ್ತದೆ. ಅಡ್ರಿನಲಿನ್ ಹಾಗೆ ಕೋಶವನ್ನು ಎಬ್ಬಿಸುವ ಐಸೊಪ್ರೊಟೆರೆನಾಲ್ ಅನ್ನು 1 ನ್ಯಾನೋಮೋಲಾರ್‌ನಿಂದ 1 ಮೈಕ್ರೋಮೋಲಾರ್‌ವರೆಗೆ ಏರಿಸುತ್ತ ಹೋಗಿ, ರೇಖೆ ಎಡಕ್ಕೆ (ಕಡಿಮೆ ಪ್ರಮಾಣದ ಕಡೆಗೆ) ಸರಿಯಿತೇ ನೋಡು. ಆ ದ್ರಾವಣವನ್ನು ಅಂದಂದೇ ಮಾಡಿಕೊ, ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಚೆಲ್ಲು. ಎಚ್‌ಎಸ್‌ಎಲ್ ಜೊತೆಗೆ, ಕೊಬ್ಬು ಒಡೆದು ಹೊರಬಂದ ಗ್ಲಿಸರಾಲ್ ಕೂಡ ಅಳೆ. ಪಿಕೆಎ ಫಾಸ್ಫೇಟ್ ಹಚ್ಚುವ ಇನ್ನೊಂದು ಪ್ರೋಟೀನಾದ ಕ್ರೆಬ್ ಒಂದನ್ನೇ ನಂಬಬೇಡ, ಬೇರೆ ಕೈನೇಸ್‌ಗಳೂ ಅದಕ್ಕೆ ಫಾಸ್ಫೇಟ್ ಹಚ್ಚುತ್ತವೆ. ಎಚ್-89 ಎಂಬ ತಡೆಮದ್ದು ಕೂಡ ಪಿಕೆಎ ಒಂದನ್ನೇ ತಡೆಯುವುದಿಲ್ಲ.

ಬಲಿತ ಕೊಬ್ಬಿನ ಕೋಶಕ್ಕೆ ಲಿಪಿಡ್ ಮಾದರಿಯ ಟ್ರಾನ್ಸ್‌ಫೆಕ್ಷನ್ (ಆರ್‌ಎನ್‌ಎ ಒಳಸೇರಿಸುವ ವಿಧಾನ) ಸರಿಯಾಗಿ ಇಳಿಯದು. ಎಲೆಕ್ಟ್ರೋಪೊರೇಷನ್ ಅಥವಾ ಲೆಂಟಿವೈರಸ್ ಹಿಡಿ. ಪ್ರತಿ ಜೀನ್‌ಗೂ ಬೇರೆ ಬೇರೆ ಜಾಗಕ್ಕೆ ಕೂತು ಅದನ್ನು ತಗ್ಗಿಸುವ ಎರಡು ಆರ್‌ಎನ್‌ಎ ಇರಲಿ. ಕೋಶಗಳು ಒಂದೇ ಹದಕ್ಕೆ ಬಲಿತಿವೆಯೇ ಎಂದು ಕೊಬ್ಬಿನ ಹನಿಯ ಪ್ರೋಟೀನಾದ ಪೆರಿಲಿಪಿನ್ ನೋಡಿ ಖಚಿತಪಡಿಸಿಕೊ. ತೆಗೆದ ಆರ್ ಅನ್ನು ಮರಳಿ ಕೊಡುವಾಗ ಹೊಳೆಯುವ ಗುರುತಾದ ಜಿಎಫ್‌ಪಿಯನ್ನು ಆರ್‌ನ ಬಾಲದ ಸಿ-ತುದಿಗೆ (ಇದು ಸಿ ಘಟಕವಲ್ಲ) ಕಟ್ಟು, ತಲೆಯ ಎನ್-ತುದಿಯಲ್ಲಿ ಜೋಡಿಯಾಗುವ ಮತ್ತು ಪಿಕೆಎಯನ್ನು ಕೋಶದ ಒಂದೆಡೆ ನಿಲ್ಲಿಸುವ ಎಕೆಎಪಿ ಪ್ರೋಟೀನುಗಳನ್ನು ಹಿಡಿಯುವ ಭಾಗವಿದೆ. ಪ್ರಮಾಣ ಸಹಜ ಮಟ್ಟದ ಆಸುಪಾಸಿನಲ್ಲಿರಲಿ. ಅತಿಯಾಗಿ ಸುರಿದ ಯಾವ ಆರ್ ಆದರೂ ಸಿಯನ್ನು ಕಟ್ಟಿಹಾಕಿ ಪಿಕೆಎಯನ್ನು ತಗ್ಗಿಸುತ್ತದೆ, ಆಗ ನಾಲ್ಕೂ ಒಂದೇ ಎಂದು ತೋರುತ್ತದೆ.

ಕಾನ್‌ಫೋಕಲ್ ಸೂಕ್ಷ್ಮದರ್ಶಕಕ್ಕಾಗಿ ಬೆಂಗಳೂರಿಗೆ ಹೋಗುವಾಗ ಜೀವಂತ ಕೋಶ ಹೊತ್ತುಕೊಂಡು ಹೋಗಬೇಡ, ಹಾಸನದಲ್ಲೇ ಫಿಕ್ಸ್ ಮಾಡಿದ ಸ್ಲೈಡ್ ಒಯ್ಯಿ. ಮೊದಲು ಆರ್1-ಆಲ್ಫಾದ ಬ್ಲಾಟ್ ಮಾಡು, ಅಂಚು ಕತ್ತರಿಸದ ಪೂರ್ತಿ ಚಿತ್ರವನ್ನೇ ಕಳಿಸು.

ಇಂತು,
ನಿನ್ನ ದೊಡ್ಡಮ್ಮ